ಹೊಸ ಗಣಕ, ಹಳೆಯ ಅಕ್ಷರ

(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ವೈದ್ಯರನ್ನು ಭಾಷಣಕ್ಕೆ ಕರೆದರೆ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಮಂಡಿನೋವು ಇವುಗಳಲ್ಲಿ ಯಾವುದಾದರೊಂದನ್ನು ಕುರಿತು ಮಾತನಾಡುವರೆಂದು ಸಭಿಕರು ನಿರೀಕ್ಷಿಸುವುದು ಸಹಜ. ನಾವು ಇಂದು ರಕ್ತದೊತ್ತಡವನ್ನು ಬಿಟ್ಟು, ಅದನ್ನು ಏರಿಸುವ ಒಂದು ವಸ್ತುವನ್ನು ಕುರಿತು ಮಾತನಾಡಲು ಅಪ್ಪಣೆ ಬೇಡುತ್ತೇವೆ. ಅದು ಪ್ರತಿ ಮನೆಯ ಮೇಜಿನ ಮೇಲೂ ಇರುವ ಗಣಕಯಂತ್ರ; ವಿಶೇಷವಾಗಿ, ಅದರ ಆಪರೇಟಿಂಗ್ ಸಿಸ್ಟಂ ಬದಲಾದ ಮೇಲೆ ಮನೆಮಂದಿ ಅನುಭವಿಸುವ ಸಂಕಟ.

ನಾವು ಕರ್ನಾಟಕದಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, 1997ರಲ್ಲಿ ರೆಸಿಡೆನ್ಸಿಗಾಗಿ ಅಮೆರಿಕಕ್ಕೆ ಬಂದಾಗ ವಿಂಡೋಸ್ 95 ಚಾಲ್ತಿಯಲ್ಲಿತ್ತು. ಅಲ್ಲಿಂದೀಚೆಗೆ ಎಷ್ಟು ಬಾರಿ ವ್ಯವಸ್ಥೆ ಬದಲಾಯಿತೋ ಅಷ್ಟು ಬಾರಿಯೂ ಕಲಿತದ್ದನ್ನು ಮರೆತು, ಮರೆತದ್ದನ್ನು ಹುಡುಕಿ, ಹೇಗೋ ಹೊಂದಿಕೊಂಡು ಬಂದಿದ್ದೇವೆ. ಆದರೆ ಕಳೆದ ಬಾರಿಯ ಬದಲಾವಣೆ ನಮಗೆ ಬೇರೆಯೇ ಪಾಠ ಕಲಿಸಿತು. ಅದನ್ನು ತಮ್ಮೊಡನೆ ಹಂಚಿಕೊಳ್ಳುವುದೇ ಈ ಮಾತಿನ ಉದ್ದೇಶ.

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ ಕೊನೆಗೊಂಡಿತು. ಅದರ ಮುಂದಿನ ವಿಂಡೋಸ್ 11 ಅನ್ನು 2021ರಲ್ಲಿ ಹೊರತಂದಾಗಲೇ, ಯಂತ್ರದಲ್ಲಿ ಟಿ.ಪಿ.ಎಂ. 2.0 ಎಂಬ ಭದ್ರತಾ ಸಾಧನವೂ ಇತ್ತೀಚಿನ ಪ್ರೊಸೆಸರೂ ಇರಬೇಕೆಂಬ ನಿಬಂಧನೆ ಇತ್ತು. ನಮ್ಮ ಮನೆಯ ಗಣಕಕ್ಕೆ ಹತ್ತು ವರ್ಷ ತುಂಬಿತ್ತು. ಈ ಪರೀಕ್ಷೆಯಲ್ಲಿ ಅದು ತೇರ್ಗಡೆಯಾಗಲಿಲ್ಲ. ಹೊಸದನ್ನು ಕೊಂಡೆವು. ಹಳೆಯದರಲ್ಲಿದ್ದ ಕಡತಗಳನ್ನೆಲ್ಲ ಒಂದು ಡಿಸ್ಕಿಗೆ ತುಂಬಿ ಹೊಸದಕ್ಕೆ ಸಾಗಿಸಿದೆವು. ಹಳೆಯ ಯಂತ್ರ ಗ್ಯಾರೇಜು ಸೇರಿತು. ಮುಂದಿನ ಶನಿವಾರ ಊರಿನ ಮರುಬಳಕೆ ಕೇಂದ್ರಕ್ಕೆ ಅದನ್ನು ಒಪ್ಪಿಸುವುದೆಂದು ತೀರ್ಮಾನವಾಯಿತು.

ಮೊದಲ ವಾರ ಎಲ್ಲರ ಮನೆಯಲ್ಲಿ ನಡೆಯುವುದೇ ನಮ್ಮಲ್ಲಿಯೂ ನಡೆಯಿತು. ಎಡಮೂಲೆಯಲ್ಲಿರುತ್ತಿದ್ದ ಗುಂಡಿ ನಡುವಿಗೆ ಬಂದಿತ್ತು. ಹಳೆಯ ಪ್ರಿಂಟರು ಮೌನವ್ರತ ಹಿಡಿಯಿತು. ಎಂದೋ ಬರೆದಿಟ್ಟು ಮರೆತ ಪಾಸ್‌ವರ್ಡುಗಳನ್ನು ಯಂತ್ರ ಒಂದೊಂದಾಗಿ ಕೇಳತೊಡಗಿತು. ಇವೆಲ್ಲ ಕಿರಿಕಿರಿಗಳೇ ಹೊರತು ನಷ್ಟಗಳಲ್ಲ. ನಿಜವಾದ ಆಘಾತ ಗುರುವಾರ ರಾತ್ರಿ ಕಾದಿತ್ತು.

ನಮ್ಮ ತಂದೆಯವರು ಚಿತ್ರದುರ್ಗ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಉಪಾಧ್ಯಾಯರಾಗಿದ್ದು ನಿವೃತ್ತರಾದವರು. 2004ರಲ್ಲಿ, ತಮ್ಮ ಎಪ್ಪತ್ತೆರಡನೆಯ ವಯಸ್ಸಿನಲ್ಲಿ, ಗಣಕದಲ್ಲಿ ಕನ್ನಡ ಬೆರಳಚ್ಚು ಕಲಿತು, ತಮ್ಮ ಜೀವನದ ನೆನಪುಗಳನ್ನು ಸುಮಾರು ನೂರನಲವತ್ತು ಪುಟಗಳಲ್ಲಿ ಬರೆದು, ಒಂದು ಸಿ.ಡಿ.ಯಲ್ಲಿ ನಮಗೆ ಕಳುಹಿಸಿದ್ದರು. 2011ರಲ್ಲಿ ಅವರು ತೀರಿಕೊಂಡರು. ಅಂದು ರಾತ್ರಿ ನಮ್ಮ ಮಡದಿ ಏನನ್ನೋ ನೋಡಲೆಂದು ಆ ಕಡತವನ್ನು ತೆರೆದರು. ತೆರೆದವರು, "ಇದೇನ್ರೀ, ಮಾವನವರ ಪುಸ್ತಕ ಎಲ್ಲಿ ಹೋಯಿತು?" ಎಂದು ಗಾಬರಿಯಿಂದ ಕೂಗಿದರು.

ಪರದೆಯ ಮೇಲೆ ಕನ್ನಡದ ಒಂದಕ್ಷರವೂ ಇರಲಿಲ್ಲ. ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರ, ತಲೆಯ ಮೇಲೆ ಓರೆಗೆರೆ ಹೊತ್ತ 'ಎ'ಗಳು, ನಡುನಡುವೆ ಬ್ರಿಟನ್ನಿನ ಪೌಂಡ್ ಚಿಹ್ನೆ, ಹೀಗೆ ಪುಟದ ಮೇಲೆ ಪುಟ. ಕಡತ ಕೆಟ್ಟಿತೆಂದೇ ನಾವು ಭಾವಿಸಿದೆವು. ಆ ಸಿ.ಡಿ. ಹಲವು ಮನೆ ಬದಲಾಯಿಸಿದ ಗದ್ದಲದಲ್ಲಿ ಎಂದೋ ಕಳೆದುಹೋಗಿತ್ತು. ರಜೆಗೆ ಮನೆಗೆ ಬಂದಿದ್ದ ಮಗ, "ಅಪ್ಪಾ, ಹಳೆಯ ಕಂಪ್ಯೂಟರ್ ಇನ್ನೂ ಗ್ಯಾರೇಜಿನಲ್ಲಿದೆ ಅಲ್ಲವೇ?" ಎಂದು ನೆನಪಿಸಿದನು. ಅದನ್ನು ಹೊತ್ತು ತಂದು ತೆರೆದೆವು. ಅಲ್ಲಿ ತಂದೆಯವರ ಕನ್ನಡ ಹಾಗೆಯೇ, ಅಚ್ಚುಕಟ್ಟಾಗಿ ಇತ್ತು!

ಒಂದೇ ಕಡತ ಒಂದು ಯಂತ್ರದಲ್ಲಿ ಕನ್ನಡವಾಗಿ, ಇನ್ನೊಂದರಲ್ಲಿ ಅರ್ಥವಿಲ್ಲದ ಗೀಚಾಗಿ ಕಾಣುವುದೇಕೆ? ಈ ಕಾರಣವನ್ನು ತಿಳಿದುಕೊಳ್ಳುವುದು ಕನ್ನಡಿಗರಾದ ನಮಗೆಲ್ಲ ಅವಶ್ಯಕ. ಅಂದಿನ ಪದ್ಧತಿಯಲ್ಲಿ ಗಣಕದ ಅಕ್ಷರಕೋಷ್ಟಕದಲ್ಲಿದ್ದ ಸ್ಥಾನಗಳು ಕೇವಲ 256. ಆ ಸ್ಥಾನಗಳು ಇಂಗ್ಲಿಷ್ ಮತ್ತು ಯೂರೋಪಿನ ಅಕ್ಷರಗಳಿಗೆ ಮೀಸಲಾಗಿದ್ದವು. ಕನ್ನಡದ ಫಾಂಟುಗಳು ಅವೇ ಸ್ಥಾನಗಳಲ್ಲಿ ಕನ್ನಡ ಅಕ್ಷರಗಳ ತುಂಡುಗಳನ್ನು ಕೂರಿಸಿದವು. ಹೀಗಾಗಿ 'ಕನ್ನಡ' ಎಂದು ಬರೆದರೆ, ಯಂತ್ರದೊಳಗೆ ಉಳಿಯುವುದು 'ಪಿ', ಓರೆಗೆರೆಯ 'ಎ', ಪೌಂಡ್ ಚಿಹ್ನೆ ಮುಂತಾದವುಗಳ ಸಾಲು. ಫಾಂಟು ಇರುವವರೆಗೆ ಅದು ಕನ್ನಡ. ಫಾಂಟು ಇಲ್ಲವಾದರೆ ಒಳಗಿನ ಸಾಲು ಬತ್ತಲಾಗಿ ಕಾಣುತ್ತದೆ. ನಾವು ಕಡತಗಳನ್ನು ಸಾಗಿಸಿದ್ದೆವು, ಫಾಂಟನ್ನು ಮರೆತಿದ್ದೆವು. ತಪ್ಪು ಹೊಸ ಯಂತ್ರದ್ದಲ್ಲ, ನಮ್ಮದೇ.

ಈ ತೊಡಕಿಗೆ ಪರಿಹಾರ ಬಹಳ ಹಿಂದೆಯೇ ಬಂದಿತ್ತು. ಜಗತ್ತಿನ ಲಿಪಿಗಳಿಗೆಲ್ಲ ಪ್ರತ್ಯೇಕ ಸ್ಥಾನ ನೀಡುವ ಯೂನಿಕೋಡ್ 1991ರಲ್ಲಿ ಪ್ರಕಟವಾದಾಗಲೇ ಕನ್ನಡಕ್ಕೆ ಅದರಲ್ಲಿ 128 ಸ್ಥಾನಗಳ ಸ್ವಂತ ಕೋಷ್ಟಕ ದೊರೆತಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಎಂಬ ಯೂನಿಕೋಡ್ ಫಾಂಟು ಬಂದಿತು. ಆದರೂ ಅನೇಕರು ಹಳೆಯ ಪದ್ಧತಿಯಲ್ಲಿಯೇ ಬಹುಕಾಲ ಬರೆದರು. ಶ್ರೀ ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, 'ಬರಹ', 'ನುಡಿ' ಇವು ಇರದಿದ್ದಲ್ಲಿ ನಮ್ಮ ತಂದೆಯಂತಹವರು ಗಣಕದಲ್ಲಿ ಕನ್ನಡ ಬರೆಯುವುದೇ ಸಾಧ್ಯವಾಗುತ್ತಿರಲಿಲ್ಲ. ಆ ಉಪಕಾರವನ್ನು ನೆನೆಯದೆ ಮುಂದುವರಿಯುವುದು ಕೃತಘ್ನತೆಯಾದೀತು.

ಫಾಂಟನ್ನು ಹೊಸ ಯಂತ್ರಕ್ಕೆ ತಂದಾಗ ಅಕ್ಷರಗಳು ಮರಳಿದವು. ಅಷ್ಟಕ್ಕೇ ನಿಲ್ಲದೆ, ಕಡತವನ್ನು ಯೂನಿಕೋಡಿಗೆ ಪರಿವರ್ತಿಸಿದೆವು. ಪರಿವರ್ತನೆ ಬಹುಮಟ್ಟಿಗೆ ಸರಿಯಾಯಿತು. ಅರ್ಕಾವೊತ್ತಿನಲ್ಲಿ ಮಾತ್ರ ಎಡವಿತು. ಹಳೆಯ ಪದ್ಧತಿಯಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಬರುತ್ತದೆ; ಯೂನಿಕೋಡಿನಲ್ಲಿ 'ರ್' ಮೊದಲು ಬರಬೇಕು. ಹೀಗಾಗಿ ತಂದೆಯವರು ಕೆಲಸ ಮಾಡಿದ ಧರ್ಮಪುರ ಕೆಲವೆಡೆ 'ಧಮರ್ಪುರ'ವಾಗಿತ್ತು. ನಡುವೆ ಇದ್ದ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡವಾಗಿದ್ದವು. ಆದುದರಿಂದ ಪ್ರತಿ ಸಾಲನ್ನೂ ಓದಿ ತಿದ್ದುವುದು ಅನಿವಾರ್ಯವಾಯಿತು.

ಊರಿನಲ್ಲಿರುವ ನಮ್ಮ ತಾಯಿಗೆ ಈಗ ಎಂಬತ್ತನಾಲ್ಕು ವರ್ಷ. ಭಾನುವಾರಗಳಂದು ಫೋನಿನಲ್ಲಿ ಅವರಿಗೆ ಓದಿ ಹೇಳುತ್ತ ತಿದ್ದಿದೆವು. ಒಂದೆಡೆ ಅವರು, "ಅಲ್ಲಪ್ಪಾ, ಧರ್ಮಪುರಕ್ಕೆ ವರ್ಗವಾದಾಗ ನಿನಗೆ ಮೂರು ತುಂಬಿತ್ತು. ನಿಮ್ಮಪ್ಪ ಒಂದು ವರ್ಷ ತಪ್ಪಿ ಬರೆದಿದ್ದಾರೆ" ಎಂದರು. ತಂದೆಯವರ ಬರಹವನ್ನು ಮುಟ್ಟದೆ, ತಾಯಿಯ ಮಾತನ್ನು ಅಡಿಟಿಪ್ಪಣಿಯಾಗಿ ಸೇರಿಸಿದೆವು. ಕನ್ನಡವನ್ನು ತಡವರಿಸಿ ಓದುವ ಮಗ ಪಕ್ಕದಲ್ಲಿ ಕುಳಿತು ಅಜ್ಜನ ಕಥೆಯನ್ನು ಮೊದಲ ಬಾರಿಗೆ ಪೂರ್ತಿ ಕೇಳಿದನು. ಇಪ್ಪತ್ತು ವರ್ಷ ಆ ಕಡತ ನಮ್ಮ ಬಳಿಯೇ ಇತ್ತು. ಕಳೆದೆವೆಂದು ಹೆದರಿದ ಮೇಲಷ್ಟೇ ಅದನ್ನು ಕೂಡಿ ಓದಿದೆವು.

ಇನ್ನು ವೈದ್ಯರಾಗಿ ಒಂದು ಮಾತು. ಪ್ರತಿದಿನ ಬಳಸುವ ಗುಂಡಿ ಎಲ್ಲಿದೆಯೆಂಬುದನ್ನು ನಾವು ಯೋಚಿಸಿ ಹುಡುಕುವುದಿಲ್ಲ. ಕೈ ತಾನಾಗಿಯೇ ಹೋಗುತ್ತದೆ. ಸೈಕಲ್ ತುಳಿಯುವುದು, ರಂಗೋಲಿ ಎಳೆಯುವುದು ಇವುಗಳಂತೆ ಇದೂ ಅಭ್ಯಾಸದ ನೆನಪು. ಗುಂಡಿಯ ಸ್ಥಾನ ಬದಲಾದಾಗ ಆ ಅಭ್ಯಾಸವೇ ಅಡ್ಡಿಯಾಗುತ್ತದೆ. ಹೆಚ್ಚು ಪಳಗಿದವರು ಹೆಚ್ಚು ತಡವರಿಸುವುದು ಇದರಿಂದಲೇ. 2012ರಲ್ಲಿ ವಿಂಡೋಸ್ 8ರಿಂದ ಸ್ಟಾರ್ಟ್ ಗುಂಡಿಯನ್ನೇ ತೆಗೆದು, ಬಳಕೆದಾರರ ಆಕ್ಷೇಪದ ನಂತರ 2013ರ 8.1ರಲ್ಲಿ ಮರಳಿ ತಂದದ್ದು ತಮಗೆ ನೆನಪಿರಬಹುದು. ಆದುದರಿಂದ ಕಿರಿಕಿರಿಯಾಯಿತೆಂದರೆ ಅದು ದಡ್ಡತನದ ಗುರುತಲ್ಲ.

ಊರಿನಿಂದ ಬಂದು ಆರು ತಿಂಗಳು ನಮ್ಮೊಡನಿರುವ ತಂದೆತಾಯಿಯರ ವಿಷಯದಲ್ಲಿ ಇದನ್ನು ವಿಶೇಷವಾಗಿ ನೆನಪಿಡಬೇಕು. ಹೊಸ ಪರದೆಯ ಮುಂದೆ ಅವರು ತಬ್ಬಿಬ್ಬಾದರೆ ಗದರಬಾರದು. "ಮರೆವು ಶುರುವಾಯಿತೇನೋ" ಎಂದು ಹೆದರಲೂಬಾರದು. ನಿಧಾನವಾಗಿ ನಾಲ್ಕಾರು ಬಾರಿ ತೋರಿಸಿದರೆ ಕಲಿಯುತ್ತಾರೆ. ಆದರೆ ಯಂತ್ರದಲ್ಲಿ ಯಾವ ಬದಲಾವಣೆಯೂ ಇಲ್ಲದಿರುವಾಗ, ಚೆನ್ನಾಗಿ ಬರುತ್ತಿದ್ದ ಕೆಲಸವೇ ತಪ್ಪತೊಡಗಿದರೆ, ಅಡುಗೆ, ಔಷಧಿ, ಹಣದ ಲೆಕ್ಕದಲ್ಲಿಯೂ ಅದೇ ಕಂಡರೆ, ಅದನ್ನು ವಯಸ್ಸಿನ ತಲೆಗೆ ಕಟ್ಟದೆ ವೈದ್ಯರಿಗೆ ತೋರಿಸಬೇಕು.

ಹಾಗಾದರೆ ಹಳೆಯದನ್ನೇ ಇಟ್ಟುಕೊಂಡರಾಗದೇ ಎಂದು ಕೆಲವರು ಕೇಳುವರು. ಅಂತರ್ಜಾಲಕ್ಕೆ ಸೇರಿಸದಿದ್ದರೆ ಆದೀತು; ಸೇರಿಸಿದರೆ ಅಪಾಯ. 2017ರ ಮೇ ತಿಂಗಳಲ್ಲಿ 'ವಾನಾಕ್ರೈ' ಎಂಬ ಪಿಡುಗು ಹಬ್ಬಿದಾಗ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸೇವೆಯಲ್ಲಿ ಸುಮಾರು 19 ಸಾವಿರ ರೋಗಿಗಳ ಭೇಟಿಗಳು ರದ್ದಾದವೆಂದು ಅಂದಾಜು. ಅದನ್ನು ತಡೆಯುವ ತಿದ್ದುಪಡಿ ಎರಡು ತಿಂಗಳು ಮೊದಲೇ, ಮಾರ್ಚಿನಲ್ಲಿ, ಬಿಡುಗಡೆಯಾಗಿತ್ತು. ಅನೇಕ ಯಂತ್ರಗಳಿಗೆ ಅದನ್ನು ಹಾಕಿರಲಿಲ್ಲ. ಲಸಿಕೆ ಇದ್ದೂ ಹಾಕಿಸಿಕೊಳ್ಳದ ಮಗುವಿನ ಸ್ಥಿತಿ ಇದು. ಬದಲಾಗುವುದು ತಪ್ಪದು; ಸಿದ್ಧತೆಯಿಂದ ಬದಲಾಗುವುದು ನಮ್ಮ ಕೈಯಲ್ಲಿದೆ.

ಆ ಸಿದ್ಧತೆಯನ್ನು ಸಂಕ್ಷೇಪವಾಗಿ ಹೇಳುವುದಾದರೆ:

1. ಬದಲಾಯಿಸುವ ಮುನ್ನ ಕಡತಗಳನ್ನೆಲ್ಲ ಪ್ರತ್ಯೇಕ ಡಿಸ್ಕಿನಲ್ಲಿಡಿ. ಇಟ್ಟ ಮೇಲೆ ಕೆಲವನ್ನು ತೆರೆದು ನೋಡಿ.

2. ಹಳೆಯ ಕನ್ನಡ ಕಡತಗಳಿದ್ದರೆ ಅವುಗಳ ಫಾಂಟುಗಳನ್ನೂ ನಕಲು ಮಾಡಿ. ಯೂನಿಕೋಡಿಗೆ ಪರಿವರ್ತಿಸಿ ಓದಿ ತಿದ್ದಿ, ಮೂಲವನ್ನು ಅಳಿಸಬೇಡಿ. ಒಂದು ಪ್ರತಿಯನ್ನು ಕಾಗದದ ಮೇಲೂ ಮುದ್ರಿಸಿಡಿ.

3. ಪ್ರಿಂಟರು, ತಂತ್ರಾಂಶಗಳು, ಪಾಸ್‌ವರ್ಡುಗಳ ಪಟ್ಟಿಯನ್ನು ಒಂದು ಪುಸ್ತಕದಲ್ಲಿ ಬರೆದು ಭದ್ರವಾಗಿಡಿ.

4. ತೆರಿಗೆ ಲೆಕ್ಕ ಸಲ್ಲಿಸುವ ವಾರದಲ್ಲಾಗಲಿ, ಮಕ್ಕಳ ಪರೀಕ್ಷೆಯ ಹಿಂದಿನ ದಿನವಾಗಲಿ ಬದಲಾಯಿಸಬೇಡಿ.

5. ಹಳೆಯ ಯಂತ್ರವನ್ನು ಕೆಲವು ತಿಂಗಳಾದರೂ ಹಾಗೆಯೇ ಇಡಿ. ನಮ್ಮ ಗ್ಯಾರೇಜಿನದು ಶನಿವಾರದವರೆಗೆ ಉಳಿದುದೇ ನಮ್ಮ ಪುಣ್ಯ.

ಕೊನೆಯದಾಗಿ ಒಂದು ವಿನಂತಿ. ಈ ಸಂಘದ ಹಳೆಯ ವಾರ್ತಾಪತ್ರಗಳು, ನಾಟಕದ ಪ್ರತಿಗಳು, ಸದಸ್ಯರ ಕವನಗಳು ಎಷ್ಟೋ ಮನೆಗಳ ನೆಲಮಾಳಿಗೆಗಳಲ್ಲಿ ಫ್ಲಾಪಿ, ಸಿ.ಡಿ.ಗಳಲ್ಲಿ ಕುಳಿತಿರಬೇಕು. ಅವನ್ನು ಓದುವ ಯಂತ್ರಗಳು ವರ್ಷವರ್ಷವೂ ಕಡಿಮೆಯಾಗುತ್ತಿವೆ; ಬರೆದ ಹಿರಿಯರೂ ಅಷ್ಟೆ. ಸಂಘವು ಒಂದು ಭಾನುವಾರವನ್ನು ಇದಕ್ಕೆಂದು ಗೊತ್ತುಮಾಡಲಿ. ಹಿರಿಯರು ತಮ್ಮ ಪೆಟ್ಟಿಗೆಗಳನ್ನು ತರಲಿ, ಯುವಕರು ಯಂತ್ರಗಳನ್ನು ತರಲಿ. ಫ್ಲಾಪಿ ಓದುವ ಸಾಧನವನ್ನು ನಾವು ತರುತ್ತೇವೆ. ಊಟಕ್ಕೆ ಬಿಸಿಬೇಳೆಬಾತಿನ ಹೊಣೆಯನ್ನು ನಮ್ಮ ಮಡದಿ ಈಗಾಗಲೇ ಒಪ್ಪಿಕೊಂಡಿದ್ದಾರೆ.