ಸ್ವರಾಂತರವೂ ಆಧಾರಷಡ್ಜವೂ



ಎರಡು ಸ್ವರ ಕಿವಿಗೆ ಬಿದ್ದೊಡನೆ ಅವುಗಳ ನಡುವಿನ ಅಂತರ ಎಷ್ಟೆಂದು ಹೇಳುವ ಶಕ್ತಿ ಹೇಗೆ ಬರುತ್ತದೆ? ಇಂದಿನ ಉಪನ್ಯಾಸಕ್ಕೆ ನಾನು ಆಯ್ದುಕೊಂಡ ಪ್ರಶ್ನೆ ಇಷ್ಟೇ. ಇದನ್ನು ಸ್ವರಜ್ಞಾನ ಎಂದು ಕರೆದು, ಕೆಲವರಿಗೆ ಹುಟ್ಟುತ್ತಲೇ ಬಂದದ್ದು, ಉಳಿದವರಿಗೆ ದಕ್ಕದ್ದು ಎಂದು ಕೈಚೆಲ್ಲುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಕಿವಿ ಮೊದಲು ಹಿಡಿಯುವುದು ಸ್ವರದ ಸ್ಥಾನವನ್ನು, ಅಂತರ ಅದರ ಬೆನ್ನಿಗೆ ಬರುತ್ತದೆ. ಆಧಾರಷಡ್ಜ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತರೆ ಉಳಿದದ್ದು ಸಾಧನೆಗೆ ಒಲಿಯುತ್ತದೆ.

1. ಐದು ಕರಿ ಮನೆಗಳು

ಒಂದು ಹಾರ್ಮೋನಿಯಂ ತೆಗೆದುಕೊಳ್ಳಿ. ಬಿಳಿ ಮನೆ ಮುಟ್ಟದೆ ಕರಿ ಮನೆಗಳನ್ನಷ್ಟೇ ನುಡಿಸಿ. ಕರಿ ಮೂರನ್ನು ಷಡ್ಜವಾಗಿ ಇಟ್ಟುಕೊಂಡರೆ ಮೋಹನ. ಕರಿ ನಾಲ್ಕಕ್ಕೆ ಶ್ರುತಿ ಬದಲಿಸಿದರೆ ಮಧ್ಯಮಾವತಿ, ಕರಿ ಐದಕ್ಕೆ ಹಿಂದೋಳ, ಕರಿ ಒಂದಕ್ಕೆ ಶುದ್ಧಸಾವೇರಿ, ಕರಿ ಎರಡಕ್ಕೆ ಶುದ್ಧಧನ್ಯಾಸಿ. ನಮ್ಮವರು ಇದನ್ನು ಗ್ರಹಭೇದ ಎನ್ನುತ್ತಾರೆ. ಕಛೇರಿಯಲ್ಲಿ ವಿದ್ವಾಂಸರು ಚಮತ್ಕಾರಕ್ಕೆಂದು ತೋರಿಸುವುದೂ ಉಂಟು.

ಈಗ ಎರಡೇ ಮನೆಗಳನ್ನು ಗಮನಿಸಿ: ಕರಿ ಐದು, ಮತ್ತು ಅದರಿಂದ ಮೇಲಕ್ಕೆ ಹೋದಾಗ ಸಿಗುವ ಕರಿ ಒಂದು. ಈ ಜೋಡಿ ಮೋಹನದಲ್ಲಿ ಗ–ಪ. ಮಧ್ಯಮಾವತಿಯಲ್ಲಿ ಅದೇ ಜೋಡಿ ರಿ–ಮ, ಹಿಂದೋಳದಲ್ಲಿ ಸ–ಗ, ಶುದ್ಧಸಾವೇರಿಯಲ್ಲಿ ಧ–ಸ, ಶುದ್ಧಧನ್ಯಾಸಿಯಲ್ಲಿ ಪ–ನಿ. ಒತ್ತಿದ ಮನೆ ಅವೇ, ಅಂತರವೂ ಮೂರು ಅರ್ಧಸ್ವರದಷ್ಟೇ. ಆದರೂ ಧ–ಸ ಎಂದಾಗ ಊರು ಸೇರಿದ ನೆಮ್ಮದಿ, ಪ–ನಿ ಎಂದಾಗ ಇನ್ನೂ ಹೋಗಬೇಕೆಂಬ ತವಕ. ಬರಿಯ ದೂರವನ್ನು ಅಳೆಯಲು ಹೊರಟ ವಿದ್ಯಾರ್ಥಿ ಇಲ್ಲಿ ತಬ್ಬಿಬ್ಬಾಗುತ್ತಾನೆ. ಷಡ್ಜವನ್ನು ಹಿಡಿದವನಿಗೆ ಐದೂ ಬೇರೆಬೇರೆಯಾಗಿ ಕೇಳುತ್ತವೆ, ಅಂತರವೂ ತಿಳಿಯುತ್ತದೆ.

ಪಾಶ್ಚಾತ್ಯ ಸಂಗೀತ ಕಲಿಯುವವರಲ್ಲಿ ಬಳಕೆಯಲ್ಲಿರುವ ಒಂದು ಉಪಾಯವನ್ನು ಈ ಹಿನ್ನೆಲೆಯಲ್ಲಿ ನೋಡಬಹುದು. ಪ್ರತಿಯೊಂದು ಅಂತರಕ್ಕೂ ಪರಿಚಿತ ಹಾಡೊಂದರ ಮೊದಲೆರಡು ಸ್ವರಗಳನ್ನು ಗುರುತಾಗಿ ಇಟ್ಟುಕೊಳ್ಳುವುದು ಅವರ ಕ್ರಮ. ಸ–ಮದಷ್ಟು ದೂರದ ಜಿಗಿತಕ್ಕೆ ವಾಗ್ನರನ ‘ಲೋಹೆಂಗ್ರಿನ್’ ಆಪೆರಾದ ಮದುವೆ ಗೀತೆ ಅವರ ಗುರುತು. ಆದರೆ ಆ ಗೀತೆ ಶುರುವಾಗುವುದು ಪಂಚಮದಿಂದ ಮೇಲಿನ ಷಡ್ಜಕ್ಕೆ ಹಾರಿ. ಅದನ್ನೇ ನೆಚ್ಚಿಕೊಂಡು ಸ–ಮ ಹಾಡಲು ಹೊರಟರೆ ಮಧ್ಯಮವೇ ಷಡ್ಜವಾಗಿ ಕುಳಿತುಬಿಡುತ್ತದೆ. ಉಪಾಯ ತಪ್ಪಲ್ಲ, ಮೊದಲ ಮೆಟ್ಟಿಲಿಗಷ್ಟೇ ಸಾಕು.

2. ತಂಬೂರಿಯೇ ಮೊದಲ ಗುರು

ಷಡ್ಜ ಗಟ್ಟಿಯಾಗುವುದು ತಂಬೂರಿಯಿಂದ. ಪಂಚಮ, ಎರಡು ಷಡ್ಜ, ಮಂದ್ರ ಷಡ್ಜ, ಹೀಗೆ ನಾಲ್ಕೇ ತಂತಿ. ಎರಡು ಷಡ್ಜಗಳಲ್ಲಿ ಒಂದು ಸೆಕೆಂಡಿಗೆ 200 ಸಲ, ಇನ್ನೊಂದು 202 ಸಲ ಕಂಪಿಸಿದರೆ ನಾದದಲ್ಲಿ ಸೆಕೆಂಡಿಗೆ ಎರಡು ಅಲೆ ಏಳುತ್ತವೆ. ಬಿರಡೆ ತಿರುವುತ್ತ ಹೋದಂತೆ ಅಲೆ ನಿಧಾನವಾಗಿ, ಕಡೆಗೆ ನಿಲ್ಲುತ್ತದೆ. ಆ ಅಲೆಯನ್ನು ಕೇಳಿಸಿಕೊಳ್ಳುವುದೇ ಸ್ವರಜ್ಞಾನದ ಓನಾಮ. ಗುಂಡಿ ಒತ್ತಿದರೆ ಶ್ರುತಿ ಸಿಗುವ ಈ ಕಾಲದಲ್ಲಿ ವಿದ್ಯಾರ್ಥಿ ಕಳೆದುಕೊಳ್ಳುತ್ತಿರುವುದು ಈ ಪಾಠವನ್ನು.

ಜೀವಾಳದ ಎಳೆಯನ್ನು ಸರಿಯಾಗಿ ಕೂರಿಸಿದಾಗ ಮಂದ್ರದ ತಂತಿಯೊಳಗಿಂದ ಅಂತರ ಗಾಂಧಾರ ತಾನಾಗಿ ಹೊಮ್ಮುತ್ತದೆ. ಅದು ಆ ತಂತಿಯ ಐದನೆಯ ಅಂಶಸ್ವರ, ಅಂದರೆ ಮೂಲ ಕಂಪನದ ಐದು ಪಟ್ಟು ವೇಗದಲ್ಲಿ ಜೊತೆಗೇ ಏಳುವ ಸ್ವರ. ಕುದುರೆಯ ಅಗಲವಾದ ಬಾಗಿದ ಮೈಯಿಂದಾಗಿ ತಂಬೂರಿ, ವೀಣೆಗಳಲ್ಲಿ ಇಂಥ ಅಂಶಸ್ವರಗಳು ಪುಷ್ಕಳವಾಗಿ ಏಳುತ್ತವೆಂದು ಸಿ.ವಿ. ರಾಮನ್ 1921ರಲ್ಲಿ ಬರೆದರು. ಈ ಗಾಂಧಾರ ಷಡ್ಜಕ್ಕೆ 5:4ರ ಪ್ರಮಾಣದಲ್ಲಿರುತ್ತದೆ. ಸ್ಥಾಯಿಯನ್ನು 1200 ಸೆಂಟ್‌ಗಳಾಗಿ ಹಂಚಿದರೆ ಅದಕ್ಕೆ 386 ಸೆಂಟ್. ಹನ್ನೆರಡು ಸಮಭಾಗ ಮಾಡಿದ ಹಾರ್ಮೋನಿಯಂನಲ್ಲಿ 400. ಪಂಚಮದಲ್ಲಿ ವ್ಯತ್ಯಾಸ ಎರಡೇ ಸೆಂಟ್, ಗಾಂಧಾರದಲ್ಲಿ 14. ತಂಬೂರಿ ಕೇಳಿ ಬೆಳೆದ ಕಿವಿಗೆ ಹಾರ್ಮೋನಿಯಂನ ಗಾಂಧಾರ ಚೂರು ಮೇಲೆ ನಿಂತಂತೆ ತೋರುವುದು ಇದಕ್ಕೇ. 1940ರಲ್ಲಿ ಆಲ್ ಇಂಡಿಯಾ ರೇಡಿಯೊ ಹಾರ್ಮೋನಿಯಂಗೆ ಬಾಗಿಲು ಮುಚ್ಚಿದ್ದರ ಹಿಂದೆ ಇಂಥ ಆಕ್ಷೇಪಣೆಗಳೂ ಇದ್ದವು.

3. ಸರಳೆಯೊಳಗಿನ ಜಾಣ್ಮೆ

ಸರಳೆ ವರಸೆಯನ್ನು ಮಾಯಾಮಾಳವಗೌಳದಲ್ಲಿ ಕಲಿಸುವ ಕ್ರಮವನ್ನು ನಮ್ಮ ಪರಂಪರೆ ಪುರಂದರದಾಸರ ಹೆಸರಿಗೆ ಸಲ್ಲಿಸುತ್ತದೆ. ಹದಿನೈದನೆಯದಾದ ಈ ಮೇಳವನ್ನೇ ಏಕೆ ಆರಿಸಿದರು? ಸ–ರಿ ಒಂದು ಅರ್ಧಸ್ವರ, ರಿ–ಗ ಮೂರು, ಗ–ಮ ಮತ್ತೆ ಒಂದು. ಚಿಕ್ಕದೂ ದೊಡ್ಡದೂ ಅಕ್ಕಪಕ್ಕ ನಿಂತಿರುವುದರಿಂದ ಎಳೆಯ ಕಿವಿಗೂ ಭೇದ ಥಟ್ಟನೆ ತಿಳಿಯುತ್ತದೆ. ಪ–ಧ–ನಿ–ಸದಲ್ಲಿ ಅದೇ ಅಚ್ಚು ಪಂಚಮದ ಮೇಲೆ ಮರುಕಳಿಸುತ್ತದೆ. ನಾಟ್ಯಶಾಸ್ತ್ರ ಒಂಬತ್ತು ಮತ್ತು ಹದಿಮೂರು ಶ್ರುತಿಗಳ ದೂರದಲ್ಲಿ ಹೇಳಿದ ಸಂವಾದವನ್ನು ಮಗು ಶಾಸ್ತ್ರದ ಹೆಸರೇ ಕೇಳದೆ ಹಾಡಿಬಿಡುತ್ತದೆ.

ಜಂಟಿ ವರಸೆ ಸ್ವರವನ್ನು ಒತ್ತಿ ನಿಲ್ಲಿಸುತ್ತದೆ. ದಾಟು ವರಸೆ ಪಕ್ಕದ ಸ್ವರದ ಆಸರೆ ಕಿತ್ತುಕೊಂಡು ಜಿಗಿಯಲು ಹೇಳುತ್ತದೆ. ನನ್ನ ಲೆಕ್ಕದಲ್ಲಿ ಅಂತರ ಕಲಿಸುವ ನಿಜವಾದ ಪಾಠ ದಾಟು. ನಮ್ಮಲ್ಲಿ ಬೇಗ ಮುಗಿಸಿಬಿಡುವುದೂ ಅದನ್ನೇ, ಗೀತೆಗೆ ಹೋಗುವ ಆತುರದಲ್ಲಿ.

4. ಗಮಕದ ಮುಂದೆ

ಸ್ವರಸ್ಥಾನ ತಿಳಿದ ಮಾತ್ರಕ್ಕೆ ರಾಗ ತಿಳಿಯದು. ತೋಡಿಯ ಗಾಂಧಾರ ಲೆಕ್ಕಕ್ಕೆ ಸಾಧಾರಣ ಗಾಂಧಾರ. ಹಾಡಿನಲ್ಲಿ ಅದು ಮಧ್ಯಮದತ್ತ ತೂಗಿ ರಿಷಭದತ್ತ ಇಳಿಯುತ್ತದೆ, ಒಂದೆಡೆ ನಿಲ್ಲುವುದೇ ಅಪರೂಪ. ವೀಣೆಯವರಿಗೆ ಇದು ಕೈಗೇ ಗೊತ್ತು: ಒಂದೇ ಮೆಟ್ಟಿಲ ಮೇಲೆ ತಂತಿ ಎಳೆದು ಎರಡು ಮೂರು ಸ್ವರ ತೆಗೆಯುವಾಗ ಎಲ್ಲಿಗೆ ಎಳೆಯಬೇಕೆಂದು ಕಣ್ಣು ಹೇಳಲಾರದು, ಕಿವಿಯೇ ಹೇಳಬೇಕು. ಆದ್ದರಿಂದ ಮೊದಲು ನೇರ ಸ್ವರ, ಆಮೇಲೆ ತೂಗುವ ಸ್ವರ. ಆ ತೂಗಾಟ ಎಲ್ಲಿಂದ ಎಲ್ಲಿಗೆ ಎಂದು ಕೇಳಿಸಿಕೊಳ್ಳುವುದೂ ಅಂತರ ಗುರುತಿಸುವ ಅಭ್ಯಾಸವೇ.

5. ಗುರುಗಳಲ್ಲಿ ಒಂದು ಮನವಿ

ಪಾಠದ ಕೊನೆಗೆ ಐದು ನಿಮಿಷ ಎತ್ತಿಡಿ. ಶ್ರುತಿ ಹಾಕಿ, ಅಕಾರದಲ್ಲಿ ಎರಡು ಸ್ವರ ಹಾಡಿ, ಶಿಷ್ಯ ಅದನ್ನು ಮೊದಲು ಹಾಡಿ ತೋರಿಸಲಿ, ಅನಂತರ ಹೆಸರು ಹೇಳಲಿ. ತಪ್ಪಿದರೆ ಷಡ್ಜಕ್ಕೆ ಇಳಿದು ಮತ್ತೆ ಮೇಲೆ ಹತ್ತಲಿ. ಉತ್ತರ ಬಾಯಿಗೆ ಹಾಕಬೇಡಿ. ಎರಡು ಸ್ವರ ಸಲೀಸಾದ ಮೇಲೆ ನಾಲ್ಕು, ಆಮೇಲೆ ಒಂದು ಆವರ್ತ. ಒಂದೇ ಶ್ರುತಿಗೆ ಕಿವಿ ಜೋತು ಬೀಳದಂತೆ ವಾರಕ್ಕೊಮ್ಮೆ ಶ್ರುತಿಯನ್ನೂ ಬದಲಿಸಿ. ಸಂಗೀತದ ಜೂನಿಯರ್ ಪರೀಕ್ಷೆಗೆ ಕಟ್ಟುವ ಮಕ್ಕಳು ಎಷ್ಟು ವರ್ಣ, ಎಷ್ಟು ಕೃತಿ ಬಾಯಿಪಾಠ ಮಾಡಿದ್ದಾರೆಂದು ಕೇಳುವ ನಾವು, ಕೇಳಿದ ಸಾಲಿಗೆ ಅವರು ಸ್ವರ ಹಾಕಬಲ್ಲರೇ ಎಂದೂ ಅಷ್ಟೇ ತೂಕ ಕೊಟ್ಟು ಕೇಳಬೇಕು. ಹಾಗೆ ಹಾಕಬಲ್ಲ ಮಗು ಮುಂದೆ ಗುರುವಿಲ್ಲದ ಹೊತ್ತಿನಲ್ಲೂ ಕಲಿಯುತ್ತದೆ. ಕೇಳಿದ ಪ್ರತಿ ಕಛೇರಿಯೂ ಅದಕ್ಕೆ ಪಾಠವಾಗುತ್ತದೆ.