ಇಂಡೊನೇಷ್ಯಾ: ಮತಾಂತರ, ಚರ್ಚು ಮತ್ತು ಗುರುತಿನ ಚೀಟಿ

ಜಗತ್ತಿನ ಅತಿ ದೊಡ್ಡ ಮುಸ್ಲಿಂ ಸಮುದಾಯಗಳಲ್ಲಿ ಒಂದು ಇಂಡೊನೇಷ್ಯಾದಲ್ಲಿದೆ. 2010ರ ಜನಗಣತಿಯಂತೆ ಅಲ್ಲಿನ ಸುಮಾರು 23.76 ಕೋಟಿ ಜನರಲ್ಲಿ ಶೇ. 87 ಮಂದಿ ಮುಸ್ಲಿಮರು, ಶೇ. 7ರಷ್ಟು ಪ್ರಾಟೆಸ್ಟಂಟರು, ಶೇ. 3ರಷ್ಟು ಕ್ಯಾಥೊಲಿಕರು. ಇಸ್ಲಾಂ ತೊರೆದು ಕ್ರೈಸ್ತನಾಗುವುದು ಅಲ್ಲಿನ ರಾಷ್ಟ್ರೀಯ ಕಾನೂನಿನಲ್ಲಿ ಅಪರಾಧವಲ್ಲ. ಆದರೆ ಯಾವ ಧರ್ಮಕ್ಕೂ ಸೇರದೆ ಉಳಿಯುವುದನ್ನು ಪ್ರಭುತ್ವ ಒಪ್ಪುವುದಿಲ್ಲ. ದೇಶದ ಅಧಿಕೃತ ಸಿದ್ಧಾಂತವಾದ ಪಂಚಶೀಲದ ಮೊದಲ ತತ್ತ್ವವೇ ಏಕದೇವನಲ್ಲಿ ನಂಬಿಕೆ. ನಾಗರಿಕನ ಗುರುತಿನ ಚೀಟಿಯಲ್ಲಿ ಧರ್ಮಕ್ಕೊಂದು ಕಾಲಂ. ಈ ದೇಶದ ಮತಾಂತರದ ಚರಿತ್ರೆಯನ್ನು ಮಿಷನರಿಗಳ ಉತ್ಸಾಹವೊಂದರಿಂದಲೇ ವಿವರಿಸಹೊರಟವರು ಈ ಕಾಲಮ್ಮನ್ನು ಮರೆಯುತ್ತಾರೆ.

ವಸಾಹತು ಕಾಲದಲ್ಲಿ ಕ್ರೈಸ್ತಧರ್ಮ ಬೇರೂರಿದ್ದು ಹೆಚ್ಚಾಗಿ ಇಸ್ಲಾಂ ತಲುಪದ ಒಳನಾಡುಗಳಲ್ಲಿ, ಅಂಚಿನ ದ್ವೀಪಗಳಲ್ಲಿ. ಸುಮಾತ್ರದ ಬಟಕ್ ಜನರ ನಡುವೆ 1862ರಿಂದ 1918ರಲ್ಲಿ ತೀರಿಕೊಳ್ಳುವವರೆಗೆ ದುಡಿದವರು ಜರ್ಮನಿಯ ಲುಡ್ವಿಗ್ ನೊಮ್ಮೆನ್‌ಸನ್. ಬಟಕರ ಪ್ರಾಟೆಸ್ಟಂಟ್ ಸಭೆ ಇಂದಿಗೂ ಆ ಜನಾಂಗದ ಗುರುತಾಗಿಯೇ ಉಳಿದಿದೆ. ಮಂಗಳೂರು, ಧಾರವಾಡಗಳ ಮೂಲಕ ಕನ್ನಡಿಗರಿಗೆ ಪರಿಚಿತವಾದ ಬಾಸೆಲ್ ಮಿಷನ್ ಕೂಡ ಮೊದಲ ಮಹಾಯುದ್ಧದ ನಂತರ ದಕ್ಷಿಣ ಬೋರ್ನಿಯೋದ ದಯಕರ ನಡುವೆ ಕೆಲಸ ಮಾಡಿತು. ಇಲ್ಲೆಲ್ಲ ಊರಿಗೆ ಊರೇ ಹೊಸ ಧರ್ಮಕ್ಕೆ ಬಂದದ್ದುಂಟು.

ಇಸ್ಲಾಂ ಬೇರೂರಿದ್ದ ಜಾವಾದ ಕಥೆ ಬೇರೆ. ಅಲ್ಲಿ ಡಚ್ ಮಿಷನರಿಗಳಿಗಿಂತ ಹೆಚ್ಚು ಜನರನ್ನು ಸೆಳೆದವರು ಕಿಯಾಯಿ ಸದ್ರಾಖ್ (ನಿಧನ 1924) ಎಂಬ ಜಾವಾದವರೇ ಆದ ಬೋಧಕರು. ಇಸ್ಲಾಮಿನ ಗುರುಗಳಿಗೆ ಸಲ್ಲುವ ಬಿರುದನ್ನೇ ಇಟ್ಟುಕೊಂಡು, ಮಸೀದಿಯ ಮಾದರಿಯ ಪ್ರಾರ್ಥನಾ ಮಂದಿರ ಕಟ್ಟಿದ ಅವರ ಮೇಲೆ ಡಚ್ ಮಿಷನರಿಗಳಿಗೇ ಗುಮಾನಿಯಿತ್ತು. ಸ್ಥಳೀಯರೊಬ್ಬರು ತಮ್ಮ ಹಿಡಿತ ಮೀರಿ ಬೆಳೆದರೆಂಬ ಅಸಮಾಧಾನವೂ ಆ ಗುಮಾನಿಯಲ್ಲಿ ಬೆರೆತಿತ್ತೆನ್ನಬೇಕು. ಕ್ಯಾಥೊಲಿಕರಲ್ಲಿ ಫಾದರ್ ವಾನ್ ಲಿತ್ 1904ರ ಡಿಸೆಂಬರಿನಲ್ಲಿ ಸೆಂದಾಂಗ್‌ಸೊನೊದ ಚಿಲುಮೆಯ ಬಳಿ 171 ಮಂದಿಗೆ ಜ್ಞಾನಸ್ನಾನ ಕೊಟ್ಟರು. ಅವರು ಮುಂಟಿಲಾನ್‌ನಲ್ಲಿ ನಡೆಸಿದ ಶಾಲೆಯಲ್ಲಿ ಕಲಿತ ಸುಗಿಯಾಪ್ರನತಾ 1940ರಲ್ಲಿ ದೇಶದ ಮೊದಲ ಸ್ಥಳೀಯ ಬಿಷಪ್ ಆದರು. ಇಷ್ಟಾದರೂ ಜಾವಾದಲ್ಲಿ ಕ್ರೈಸ್ತರ ಸಂಖ್ಯೆ ಚಿಕ್ಕದಾಗಿಯೇ ಇತ್ತು.

ಆ ಸ್ಥಿತಿ ಬದಲಾದದ್ದು 1965ರ ನಂತರ. ಆ ವರ್ಷ ಸೆಪ್ಟೆಂಬರ್ 30ರ ಕ್ಷಿಪ್ರಕ್ರಾಂತಿ ಯತ್ನದ ಬೆನ್ನಿಗೆ ಲಕ್ಷಾಂತರ ಮಂದಿ ಕಮ್ಯುನಿಸ್ಟರ, ಕಮ್ಯುನಿಸ್ಟರೆಂಬ ಶಂಕೆಗೊಳಗಾದವರ ಹತ್ಯೆಯಾಯಿತು. 1966ರಲ್ಲಿ ಕಮ್ಯುನಿಸ್ಟ್ ಪಕ್ಷದ ಮೇಲೆ ನಿಷೇಧ ಬಿತ್ತು; ಪ್ರಾಥಮಿಕ ಶಾಲೆಯಿಂದ ವಿಶ್ವವಿದ್ಯಾಲಯದವರೆಗೆ ಧರ್ಮಶಿಕ್ಷಣ ಕಡ್ಡಾಯವಾಯಿತು. ಧರ್ಮವಿಲ್ಲದವನೆಂದರೆ ಕಮ್ಯುನಿಸ್ಟನೇ ಎಂಬ ಭಯ ಹರಡಿತು. ಹೆಸರಿಗಷ್ಟೇ ಮುಸ್ಲಿಮರಾಗಿ, ಜಾವಾದ ಹಳೆಯ ಆಚರಣೆಗಳಲ್ಲೇ ಬದುಕಿದ್ದ ಹಳ್ಳಿಗರು ಒಂದು ಧರ್ಮವನ್ನು ಆರಿಸಿಕೊಳ್ಳಲೇಬೇಕಾಯಿತು. ಹತ್ಯೆಗಳಲ್ಲಿ ಮುಸ್ಲಿಂ ಯುವಸಂಘಟನೆಗಳವರೂ ಪಾಲುಗೊಂಡಿದ್ದರಿಂದ ಸತ್ತವರ ಮನೆಯವರಿಗೆ ಮಸೀದಿಯ ಕಡೆ ಹೋಗುವುದು ಕಷ್ಟವಿತ್ತು. ಸೆರೆಮನೆಗಳಿಗೂ ಅನಾಥ ಕುಟುಂಬಗಳಿಗೂ ನೆರವು ತಂದವರಲ್ಲಿ ಚರ್ಚಿನವರಿದ್ದರು. ಹೀಗೆ ಹಲವರು ಕ್ರೈಸ್ತರಾದರು; ಕೆಲವರು ಹಿಂದೂಧರ್ಮವನ್ನೂ ಸೇರಿದರು. ಅಮೆರಿಕದ ಮಿಷನರಿ ಏವರಿ ವಿಲ್ಲಿಸ್ 1977ರಲ್ಲಿ ಪ್ರಕಟಿಸಿದ ಅಧ್ಯಯನದ ಶೀರ್ಷಿಕೆಯಲ್ಲೇ ಕ್ರೈಸ್ತರಾದವರು ಇಪ್ಪತ್ತು ಲಕ್ಷ ಎಂಬ ಸಂಖ್ಯೆಯಿದೆ. ಅದು ಮಿಷನರಿಯೇ ಕೊಟ್ಟ ಲೆಕ್ಕ ಎಂಬ ಎಚ್ಚರ ಬೇಕು. ಆದರೂ ಈ ಹೊರಳುವಿಕೆ ದೊಡ್ಡದೆಂಬುದರಲ್ಲಿ ಸಂಶಯವಿಲ್ಲ.

ಮುಸ್ಲಿಂ ಮುಖಂಡರು ಇದನ್ನು ಕಂಡದ್ದು ಬೇರೆ ಬಗೆಯಲ್ಲಿ: ವಿದೇಶಿ ಹಣ, ಅಕ್ಕಿ, ಔಷಧಿಗಳ ಬಲದಿಂದ ಬಡವರನ್ನು ಸೆಳೆಯಲಾಗುತ್ತಿದೆ ಎಂಬುದು ಅವರ ದೂರು. 1967ರ ಅಕ್ಟೋಬರಿನಲ್ಲಿ ಮಕಸ್ಸರ್‌ನಲ್ಲಿ ಚರ್ಚುಗಳ ಮೇಲೆ ದಾಳಿಯಾಯಿತು. ನವೆಂಬರ್ 30ರಂದು ಸರ್ಕಾರ ಜಕಾರ್ತದಲ್ಲಿ ಸರ್ವಧರ್ಮ ಸಮಾಲೋಚನೆ ಕರೆಯಿತು. ಈಗಾಗಲೇ ಒಂದು ಧರ್ಮದಲ್ಲಿರುವವರನ್ನು ಮತಪ್ರಚಾರದ ಗುರಿಯಾಗಿಸಬಾರದೆಂಬ ಸೂತ್ರವನ್ನು ಕ್ರೈಸ್ತ ಪ್ರತಿನಿಧಿಗಳು ಒಪ್ಪಲಿಲ್ಲ. ಸುವಾರ್ತೆ ಸಾರುವುದು ತಮ್ಮ ನಂಬಿಕೆಯ ಭಾಗವೆಂದರು. ಸಭೆ ಮುರಿದುಬಿತ್ತು. ಎರಡೂ ಕಡೆಯವರ ಮಾತಿನಲ್ಲಿ ತರ್ಕವಿತ್ತು, ಎರಡೂ ಕಡೆ ಭಯವಿತ್ತು. ಅಂದು ಸೋತ ಸೂತ್ರವೇ 1978ರಲ್ಲಿ ಧಾರ್ಮಿಕ ವ್ಯವಹಾರಗಳ ಸಚಿವರ ಆದೇಶವಾಗಿ ಬಂತು. ಅದರ ಜೊತೆಗೇ ಧಾರ್ಮಿಕ ಸಂಸ್ಥೆಗಳಿಗೆ ಬರುವ ವಿದೇಶಿ ನೆರವಿನ ಮೇಲೂ ನಿಯಂತ್ರಣ ಬಂತು.

ಆ ಬಳಿಕ ತಕರಾರು ಮನುಷ್ಯರಿಂದ ಕಟ್ಟಡಕ್ಕೆ ಸರಿಯಿತು. 2006ರ ಜಂಟಿ ಸಚಿವ ನಿಯಮದಂತೆ ಪ್ರಾರ್ಥನಾ ಮಂದಿರ ಕಟ್ಟಲು 90 ಮಂದಿ ಬಳಕೆದಾರರ ಪಟ್ಟಿ, 60 ಮಂದಿ ಸ್ಥಳೀಯರ ಒಪ್ಪಿಗೆ, ಧರ್ಮ ಸೌಹಾರ್ದ ವೇದಿಕೆಯ ಶಿಫಾರಸು ಬೇಕು. ನಿಯಮ ಎಲ್ಲ ಧರ್ಮಗಳಿಗೂ ಒಂದೇ. ಆದರೆ ಬಹುಸಂಖ್ಯಾತರಿಗೆ ಸುಲಭವಾದ ಆ 60 ಸಹಿಗಳು ಅಲ್ಪಸಂಖ್ಯಾತರಿಗೆ ಎಷ್ಟೋ ಕಡೆ ದಾಟಲಾಗದ ಗೋಡೆ. ಬೋಗೋರ್ ನಗರದ ಯಾಸ್ಮಿನ್ ಚರ್ಚಿಗೆ ಸರ್ವೋಚ್ಚ ನ್ಯಾಯಾಲಯದ ತೀರ್ಪು ಅನುಕೂಲವಾಗಿದ್ದರೂ ನಗರಾಡಳಿತ ತಾನು ಹಾಕಿದ್ದ ಬೀಗಮುದ್ರೆ ತೆಗೆಯಲಿಲ್ಲ. ಸಭೆಯವರು ವರ್ಷಗಟ್ಟಲೆ ಜಕಾರ್ತದ ಅಧ್ಯಕ್ಷರ ಅರಮನೆಯೆದುರು ಆರಾಧನೆ ನಡೆಸಿದರು. ಕೊನೆಗೆ 2023ರಲ್ಲಿ ಚರ್ಚು ತೆರೆಯಿತು, ಬೇರೆ ಜಾಗದಲ್ಲಿ.

ಮತಾಂತರದ ಅಧ್ಯಯನಗಳು ಅದನ್ನು ಆಮಿಷ ಅಥವಾ ಆತ್ಮಸಾಕ್ಷಿ ಎಂಬ ಎರಡೇ ಪದಗಳಲ್ಲಿ ಅಳೆಯದಿರಲಿ. 1966ರ ಜಾವಾ ಹಳ್ಳಿಗನ ಆಯ್ಕೆಯಲ್ಲಿ ಎರಡೂ ಇದ್ದಿರಬಹುದು, ಪ್ರಾಣಭಯವಂತೂ ಇತ್ತು. ಅವನ ಎದುರಿಗಿದ್ದ ಪ್ರಭುತ್ವದ ದಾಖಲೆಗಳನ್ನು, ಕಚೇರಿಗಳನ್ನು, ಪರವಾನಗಿಗಳನ್ನು ಮೊದಲು ಓದಬೇಕು, ಉಪದೇಶಗಳನ್ನು ಆಮೇಲೆ.