ಕೊಳವೆ ಹರಿದರೂ ಜೋಡಣೆ ನಿಲ್ಲಬೇಕು



ನಮ್ಮ ಕಲಬುರಗಿ ಜಿಲ್ಲೆಯ ವಾಡಿ, ಸೇಡಂ, ಚಿತ್ತಾಪುರಗಳ ಸಿಮೆಂಟ್ ಕಾರ್ಖಾನೆಗಳಲ್ಲಿ ದುಡಿದವರಿಗೆ ಎರಕದ ಉಕ್ಕಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ನೂರಾರು ಟನ್ ತೂಗುವ ಕಿಲ್ನ್ ಹಗಲಿರುಳು ಉರುಳುವುದು ಎರಕದ ಟೈರ್, ರೋಲರ್‌ಗಳ ಮೇಲೆಯೇ. ಟೈರಿನಲ್ಲಿ ಬಿರುಕು ಕಂಡರೆ ಅಲ್ಟ್ರಾಸಾನಿಕ್ ಪ್ರೋಬ್ ಹಿಡಿದು ಅದರ ಆಳ ನೋಡದೆ ನೀವು ಬಿಡುವುದಿಲ್ಲ. ಶಹಾಬಾದಿನ ಬಾಯ್ಲರ್ ಕಾರ್ಖಾನೆ ವೆಲ್ಡಿಂಗಿನಲ್ಲಿ ಪಳಗಿದ ತಲೆಮಾರನ್ನೇ ಬೆಳೆಸಿತು. ಈ ಎಚ್ಚರ ಕಟ್ಟಡಗಳ ಬ್ರೇಸಿಂಗ್ ಜೋಡಣೆಗೂ ಬರಲಿ ಎಂಬುದು ನನ್ನ ಆಶಯ.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನೆರೆಯ ಮಹಾರಾಷ್ಟ್ರದ ಕಿಲ್ಲಾರಿ ಭೂಕಂಪದಲ್ಲಿ ಕುಸಿದು ಸಾವಿರಾರು ಜನ ಸತ್ತರು. ಅಲ್ಲಿಯವರೆಗೆ ಆ ಊರು ನಕಾಶೆಯಲ್ಲಿ ಅತಿ ಕಡಿಮೆ ಅಪಾಯದ ವಲಯದಲ್ಲಿತ್ತು. 2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದ ಜನ ಭೂಕಂಪನಕ್ಕೆ ಹೆದರಿ ಮನೆಯ ಹೊರಗೆ ರಾತ್ರಿ ಕಳೆದರು. ಕಿಲ್ಲಾರಿಯಲ್ಲಿ ಬಿದ್ದದ್ದು ಕಲ್ಲು-ಮಣ್ಣಿನ ಗೋಡೆ, ನಿಜ. ಆದರೆ ನಮ್ಮ ಕಾರ್ಖಾನೆಗಳ ಎತ್ತರದ ಉಕ್ಕಿನ ಚೌಕಟ್ಟುಗಳ ಕೆಳಗೂ ಜನರಿದ್ದಾರೆ. ನಕಾಶೆ ಏನೇ ಹೇಳಲಿ, ನಾನಂತೂ ನಿಶ್ಚಿಂತೆಯಿಂದ ಕೂರಲಾರೆ.

ಭೂಕಂಪದಲ್ಲಿ ಇಂಥ ಚೌಕಟ್ಟನ್ನು ಹಿಡಿದು ನಿಲ್ಲಿಸುವುದು ಓರೆಯಾಗಿ ಕಟ್ಟಿದ ಕೊಳವೆ, ಅಂದರೆ ಬ್ರೇಸ್. ಅದರ ಲೆಕ್ಕ ನೋಡಿ. 168.3 ಮಿ.ಮೀ. ವ್ಯಾಸ, 6.3 ಮಿ.ಮೀ. ದಪ್ಪದ ಕೊಳವೆಯ ಅಡ್ಡಕೊಯ್ತ ಸುಮಾರು 3,200 ಚದರ ಮಿ.ಮೀ. ಉಕ್ಕಿನ ಯೀಲ್ಡ್ ಸಾಮರ್ಥ್ಯ 310 ಮೆಗಾಪಾಸ್ಕಲ್ ಎಂದರೆ ಆ ಬ್ರೇಸ್ ಹೆಚ್ಚುಕಡಿಮೆ ನೂರು ಟನ್ ಬಲದಿಂದ ಎಳೆಯುತ್ತದೆ. ಜೋಡಣೆ ಅದಕ್ಕಿಂತ ಗಟ್ಟಿಯಿರಬೇಕು; ಹಿಗ್ಗಿ, ಬಾಗಿ ಕಂಪನದ ಶಕ್ತಿಯನ್ನು ನುಂಗಬೇಕಾದದ್ದು ಕೊಳವೆ. ನಮ್ಮ ರೂಢಿಯೋ, ಕೊಳವೆಯ ತುದಿ ಸೀಳಿ ಗಸೆಟ್ ಪ್ಲೇಟ್ ತೂರಿಸಿ ವೆಲ್ಡ್ ಮಾಡುವುದು. ಸೀಳಿದ ಜಾಗವೇ ಮೊದಲು ಹರಿಯುವ ಭಯ. ಟೊರಾಂಟೊ ವಿಶ್ವವಿದ್ಯಾಲಯದ ಪ್ಯಾಕರ್, ಕ್ರಿಸ್ಟೊಪೌಲೋಸ್, ಡಿ ಒಲಿವೇರಾ ಇದಕ್ಕೆ ಎರಕದ ತುಂಡೊಂದನ್ನು ರೂಪಿಸಿದರು. ಅದರ ದುಂಡನೆಯ ಮೂತಿಗೆ ಕೊಳವೆಯನ್ನು ಸುತ್ತಲೂ ವೆಲ್ಡ್ ಮಾಡುತ್ತಾರೆ. ಇನ್ನೊಂದು ತುದಿಯ ಕವಲುಗಳ ನಡುವೆ ಗಸೆಟ್ ಕೂರಿಸಿ ಬೋಲ್ಟ್ ಬಿಗಿಯುತ್ತಾರೆ.

ಮೂತಿಗೂ ಕವಲಿಗೂ ನಡುವಿನ ದಪ್ಪ ಕುತ್ತಿಗೆಯ ಮೇಲೆ ನನ್ನ ಕಣ್ಣು. ಅಚ್ಚಿನಲ್ಲಿ ಕೊನೆಗೆ ಆರುವುದು ಅದೇ. ಕರಗಿದ ಲೋಹವನ್ನು ಪೂರೈಸುವ ರೈಸರ್ ಸಾಲದಿದ್ದರೆ ಕುಗ್ಗಿದ ಲೋಹ ಒಳಗೆ ಪೊಳ್ಳು ಬಿಡುತ್ತದೆ, ಹೊರಗೆ ಮಾತ್ರ ಹೊಳೆಯುತ್ತದೆ. ಬೇರೆಯಾಗಿ ಎರೆದ ತೆಳು ಟೆಸ್ಟ್ ಬಾರಿನ ಸರ್ಟಿಫಿಕೇಟು ಈ ಕುತ್ತಿಗೆಯ ಸಂಗತಿ ಹೇಳುವುದಿಲ್ಲ. ಬೇಗ ಆರುವ ಬಾರ್ ಸಾಮಾನ್ಯವಾಗಿ ಒಳ್ಳೆಯ ಅಂಕಿಯನ್ನೇ ಕೊಡುತ್ತದೆ. ಮಾದರಿಯನ್ನು ಕುತ್ತಿಗೆಯಿಂದಲೇ ಕೊಯ್ದು ಎಳೆಯಬೇಕು, ಉಳಿದ ತುಂಡುಗಳಿಗೆ ರೇಡಿಯೋಗ್ರಫಿ ಆಗಬೇಕು. ಆಮೇಲೆ ಪೂರ್ಣ ಗಾತ್ರದ ಬ್ರೇಸನ್ನು ಜೋಡಣೆ ಸಮೇತ ಎಳೆದು ಒತ್ತಿ, ಪ್ರತಿ ಸುತ್ತಿಗೂ ಚಲನೆ ಹೆಚ್ಚಿಸುತ್ತ ಹರಿಯುವವರೆಗೆ ಪರೀಕ್ಷಿಸಬೇಕು. ಒಂದೇ ದಿಕ್ಕಿಗೆ ಎಳೆದು ನೋಡಿದರೆ ಸಾಲದು. ಒತ್ತಿದಾಗ ಕೊಳವೆ ಬಾಗುತ್ತದೆ, ಆ ಬಾಗು ತುದಿಯ ಜೋಡಣೆಗೂ ಮುಟ್ಟುತ್ತದೆ.

ಈ ಪರೀಕ್ಷೆಗೆ ಆಕ್ಚುಯೇಟರ್ ಬೇಕು, ಭದ್ರವಾದ ನೆಲ ಬೇಕು, ಮುರಿಯಲೆಂದೇ ಕೊಡುವ ಎರಕ ಬೇಕು. ಕಾರ್ಖಾನೆಗಳ ಮುಖ್ಯಸ್ಥರಲ್ಲಿ ನನ್ನ ವಿನಂತಿ: ಮುಂದಿನ ಟೆಂಡರಿನಲ್ಲೇ ಪ್ರತಿ ಹೀಟಿಗೆ, ಅಂದರೆ ಒಮ್ಮೆ ಕರಗಿಸಿದ ಲೋಹಕ್ಕೆ, ಒಂದು ಜೋಡಣೆಯನ್ನು ಪರೀಕ್ಷೆಗೆಂದು ಬರೆಯಿರಿ, ಅದರ ಖರ್ಚನ್ನೂ ಸೇರಿಸಿ. ಷರತ್ತು ಹೇಗಿರಬೇಕೆಂದು ಮಧ್ಯಾಹ್ನದ ಗೋಷ್ಠಿಯಲ್ಲಿ ಕೂತು ಬರೆಯೋಣ.